ಟಿಮ್ ಬರ್ಕಿನ್ ಮತ್ತು ಬ್ಲೋವರ್ ಬೆಂಟ್ಲಿ

ನಮ್ಮ ಮಾಮುವಿನ ಗ್ಯಾರೇಜಿನ ಮೇಜಿನ ಮೇಲೆ ಒಂದು ಪಿಸ್ಟನ್ ಇದೆ. ಅದರ ತಲೆಯಲ್ಲಿ ಬೆರಳು ತೂರುವಷ್ಟು ತೂತು. ಫ್ಯಾನ್ ಗಾಳಿಗೆ ಬಿಲ್ಲುಗಳು ಹಾರದಿರಲಿ ಎಂದು ಮಾಮು ಅದನ್ನು ಭಾರಕ್ಕೆ ಇಟ್ಟಿದ್ದಾರೆ. ಅದು ನನಗಿಂತ ನಾಲ್ಕೈದು ವರ್ಷ ದೊಡ್ಡವನಾದ ಒಬ್ಬ ಹುಡುಗನ ಕಾರಿನದು. ಟರ್ಬೊ ಇದ್ದ ಕಾರಿಗೆ ಬೇರೆ ಕಡೆ ರೀಮ್ಯಾಪ್ ಮಾಡಿಸಿ ಬೂಸ್ಟ್ ಏರಿಸಿಕೊಂಡಿದ್ದ. ಮೂರು ತಿಂಗಳು ಊರೆಲ್ಲ ಓಡಿಸಿದ, ನಾಲ್ಕನೇ ತಿಂಗಳು ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಎಂಜಿನ್ ಬಿಚ್ಚಿದ ದಿನ ನಾನೂ ಅಲ್ಲಿದ್ದೆ. ತಪ್ಪು ಬೂಸ್ಟ್‌ನದೋ, ಅದನ್ನು ಏರಿಸಿದವನದೋ ಎಂದು ಕೇಳಿದೆ. ಮಾಮು ನಕ್ಕು ಸ್ಪ್ಯಾನರ್ ತರಲು ಕಳಿಸಿದರು. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಸರ್ ಹೆನ್ರಿ ಬರ್ಕಿನ್. ತೊಂಬತ್ತು ವರ್ಷಕ್ಕೂ ಹಿಂದೆ ತೀರಿಕೊಂಡ ಈ ಇಂಗ್ಲಿಷ್ ರೇಸ್ ಚಾಲಕರು ಇದೇ ಪ್ರಶ್ನೆಯ ಮೇಲೆ ತಮ್ಮ ಹಣವನ್ನೆಲ್ಲ ಸುರಿದವರು.

ಹೆನ್ರಿ ರಾಲ್ಫ್ ಸ್ಟಾನ್ಲಿ ಬರ್ಕಿನ್ ಹುಟ್ಟಿದ್ದು 1896ರ ಜುಲೈ 26ರಂದು, ನಾಟಿಂಗ್‌ಹ್ಯಾಮ್‌ನಲ್ಲಿ. ಆ ಊರು ಲೇಸ್ ನೇಯ್ಗೆಗೆ ಹೆಸರುವಾಸಿ, ಬರ್ಕಿನ್ ಮನೆತನದ ಸಂಪತ್ತೂ ಲೇಸ್ ವ್ಯಾಪಾರದಿಂದಲೇ ಬಂದದ್ದು. ಮಕ್ಕಳ ಚಿತ್ರಕಥೆಯ ಟೈಗರ್ ಟಿಮ್ ಎಂಬ ಹುಲಿಯ ಹೆಸರು ಚಿಕ್ಕಂದಿನಲ್ಲೇ ಅಂಟಿಕೊಂಡು ಕೊನೆಯವರೆಗೂ ಎಲ್ಲರಿಗೂ ಅವರು ಟಿಮ್ ಆಗಿಯೇ ಉಳಿದರು. ಮೊದಲ ಮಹಾಯುದ್ಧದಲ್ಲಿ ವಿಮಾನದಳ ಸೇರಿ ಪ್ಯಾಲೆಸ್ಟೈನ್‌ನಲ್ಲಿ ಸೇವೆ ಮಾಡಿದರು. ಅಲ್ಲಿ ಹಿಡಿದ ಮಲೇರಿಯಾ ಜೀವನಪೂರ್ತಿ ಬಿಟ್ಟು ಬಿಟ್ಟು ಕಾಡಿತು. ಆಳು ಸಣ್ಣಗಿದ್ದರು, ಮಾತನಾಡುವಾಗ ತೊದಲುತ್ತಿದ್ದರು. ಕತ್ತಿಗೆ ನೀಲಿ ಬಿಳಿ ಚುಕ್ಕೆಯ ಸ್ಕಾರ್ಫ್ ಕಟ್ಟಿಕೊಂಡು ಸ್ಟೀರಿಂಗ್ ಹಿಡಿದರೆ ಮಾತ್ರ ಬೇರೆಯೇ ಮನುಷ್ಯ.

1921ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನಲ್ಲಿ ಮೊದಲ ಸಲ ರೇಸ್ ಮಾಡಿ ಆಮೇಲೆ ವ್ಯಾಪಾರಕ್ಕೆ ಮರಳಿದ್ದರು. 1927ರಲ್ಲಿ ಬೆಂಟ್ಲಿ ಕಾರಿನೊಂದಿಗೆ ಮತ್ತೆ ಬಂದರು. ಅದೇ ವರ್ಷ ಅವರ ತಮ್ಮ ಆರ್ಚಿ ಐಲ್ ಆಫ್ ಮ್ಯಾನ್ ದ್ವೀಪದ ಮೋಟಾರ್‌ಸೈಕಲ್ ರೇಸಿನ ಅಭ್ಯಾಸದಲ್ಲಿ ತೀರಿಕೊಂಡರು. ತಮ್ಮ ಹಾಗೆ ಹೋದ ಮೇಲೂ ಅಣ್ಣ ರೇಸ್ ಬಿಡಲಿಲ್ಲ. ನಮ್ಮ ಮನೆಯಲ್ಲಾಗಿದ್ದರೆ ಅಮ್ಮಿ ಕಾರಿನ ಕೀಲಿಯನ್ನೇ ಬಾವಿಗೆ ಎಸೆಯುತ್ತಿದ್ದರು.

1928ರಲ್ಲಿ ಫ್ರಾನ್ಸಿನ ಲೆ ಮಾನ್‌ನಲ್ಲಿ 24 ಗಂಟೆಗಳ ರೇಸ್. ಬರ್ಕಿನ್ ತಮ್ಮ ನಾಲ್ಕೂವರೆ ಲೀಟರ್ ಬೆಂಟ್ಲಿಯಲ್ಲಿ ತೂಕ ಉಳಿಸಲು ಜ್ಯಾಕ್ ಇಟ್ಟುಕೊಂಡಿರಲಿಲ್ಲ. ಟೈರ್ ಸಿಡಿದು ಚಕ್ರಕ್ಕೆ ಸುತ್ತಿಕೊಂಡಿತು. ಬರೀ ರಿಮ್ ಮೇಲೆ ಓಡಿಸಿದರು, ಕೊನೆಗೆ ಕಾರು ಚರಂಡಿಗೆ ಇಳಿಯಿತು. ಪಿಟ್‌ವರೆಗೆ ಮೈಲುಗಟ್ಟಲೆ ಓಡಿಬಂದರು. ಅವರ ಜೊತೆಗಾರ ಚಾಲಕ ಜ್ಯಾನ್ ಶಸಾನ್ ನಲವತ್ತು ದಾಟಿದವರು. ಅವರು ಜ್ಯಾಕ್ ಎತ್ತಿಕೊಂಡು ಅಷ್ಟೇ ದೂರ ಓಡಿ ಹೋಗಿ ಕಾರನ್ನು ಮೇಲೆತ್ತಿ ತಂದರು. ಇಷ್ಟಾದರೂ ಐದನೇ ಸ್ಥಾನ ಬಂತು.

ಐದನೇ ಸ್ಥಾನ ಬರ್ಕಿನ್‌ಗೆ ಸಾಲಲಿಲ್ಲ. ಕಾರಿಗೆ ಇನ್ನಷ್ಟು ಶಕ್ತಿ ಬೇಕು ಅನ್ನಿಸಿತು. ಕಥೆ ನಿಜವಾಗಿ ಶುರುವಾಗುವುದು ಇಲ್ಲಿಂದ.

ಎಂಜಿನ್ ಅಂದರೆ ಗಾಳಿ ಕುಡಿಯುವ ಯಂತ್ರ. ಪಿಸ್ಟನ್ ಕೆಳಗಿಳಿದಾಗ ಗಾಳಿ ಮತ್ತು ಪೆಟ್ರೋಲ್ ಒಳಗೆ ಬರುತ್ತವೆ, ಉರಿಯುತ್ತವೆ, ಪಿಸ್ಟನ್ನನ್ನು ತಳ್ಳುತ್ತವೆ. ಪೆಟ್ರೋಲ್ ಎಷ್ಟು ಬೇಕಾದರೂ ಸುರಿಯಬಹುದು, ಆದರೆ ಅದು ಉರಿಯಲು ಗಾಳಿ ಬೇಕಲ್ಲ? ಆದ್ದರಿಂದ ಶಕ್ತಿ ಹೆಚ್ಚಬೇಕಾದರೆ ಗಾಳಿ ಹೆಚ್ಚಬೇಕು. ಎಂಜಿನ್ ದೊಡ್ಡದು ಮಾಡಬಹುದು, ಜೋರಾಗಿ ತಿರುಗಿಸಬಹುದು, ಇಲ್ಲವೆ ಗಾಳಿಯನ್ನು ಬಲವಂತವಾಗಿ ಒಳಗೆ ತುರುಕಬಹುದು. ಈ ಮೂರನೆಯ ಕೆಲಸ ಮಾಡುವುದೇ ಸೂಪರ್‌ಚಾರ್ಜರ್, ಆ ಕಾಲದವರ ಮಾತಿನಲ್ಲಿ ಬ್ಲೋವರ್. ಒಂದು ಲೋಹದ ಪೆಟ್ಟಿಗೆಯೊಳಗೆ ಎರಡು ರೋಟರ್‌ಗಳು ಒಂದಕ್ಕೊಂದು ಹೆಣೆದುಕೊಂಡಂತೆ ತಿರುಗಿ ಗಾಳಿಯನ್ನು ಮುಂದಕ್ಕೆ ತಳ್ಳುತ್ತವೆ. ಅವನ್ನು ತಿರುಗಿಸುವುದು ಎಂಜಿನ್ನೇ. ಅಂದರೆ ಶಕ್ತಿ ಗಳಿಸಲು ಸ್ವಲ್ಪ ಶಕ್ತಿ ಖರ್ಚು ಮಾಡಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಿವ್ವಳ ಲಾಭ ಬೇರೆ, ಒಟ್ಟು ಲಾಭ ಬೇರೆ.

ನಮ್ಮ ಸುತ್ತಲಿನ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಚದರ ಇಂಚಿಗೆ ಸುಮಾರು 14.7 ಪೌಂಡ್. ಬರ್ಕಿನ್ ಕಾರಿನ ಬ್ಲೋವರ್ ಅದರ ಮೇಲೆ ಇನ್ನೂ ಹತ್ತು ಪೌಂಡಿನಷ್ಟು ಒತ್ತಡ ಸೇರಿಸುತ್ತಿತ್ತು. ಪಂಕ್ಚರ್ ಅಂಗಡಿಯಲ್ಲಿ ನಾವು ಬೈಕಿನ ಟೈರಿಗೆ 28, 30 ಪೌಂಡ್ ಹವಾ ತುಂಬಿಸುವವರು, ನಮಗೆ ಹತ್ತು ಏನೂ ಅಲ್ಲ ಅನ್ನಿಸುತ್ತದೆ. ಆದರೆ 14.7 ಇದ್ದದ್ದು 24.7 ಆದರೆ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಯಿತು. ಪ್ರತಿ ಸಿಲಿಂಡರ್‌ನಲ್ಲೂ, ಪ್ರತಿ ಸುತ್ತಿನಲ್ಲೂ ಅಷ್ಟು ಹೆಚ್ಚು ಸ್ಫೋಟ. ಒತ್ತಿದ ಗಾಳಿ ಬಿಸಿಯೂ ಆಗುತ್ತದೆ. ಸೈಕಲ್ ಪಂಪಿನ ತುದಿ ಮುಟ್ಟಿ ನೋಡಿದವರಿಗೆ ಇದು ಗೊತ್ತು.

ಈ ಯೋಚನೆಯನ್ನು ಬರ್ಕಿನ್ ಒಯ್ದದ್ದು ಕಂಪನಿಯ ಸ್ಥಾಪಕ ವಾಲ್ಟರ್ ಓವೆನ್ ಬೆಂಟ್ಲಿ ಅವರ ಬಳಿಗೆ. ಬೆಂಟ್ಲಿ ಒಪ್ಪಲಿಲ್ಲ. ತಾವು ಮಾಡಿದ ಎಂಜಿನ್ನಿಗೆ ಬ್ಲೋವರ್ ಕಟ್ಟುವುದೆಂದರೆ ಅದರ ಗುಣವನ್ನೇ ಕೆಡಿಸಿದಂತೆ ಎಂಬುದು ಅವರ ನಿಲುವು. ಶಕ್ತಿ ಬೇಕಾದರೆ ದೊಡ್ಡ ಎಂಜಿನ್ ಹಾಕಿ ಎನ್ನುತ್ತಿದ್ದರು. ಈ ಇಬ್ಬರ ಜಗಳ ಕಾಗದದ ಮೇಲೆ ಬರೆದು ನೋಡಿದಾಗ ನನಗೆ ಬಹಳ ಚೆನ್ನಾಗಿ ಅರ್ಥವಾಯಿತು. ನಾಲ್ಕೂವರೆ ಲೀಟರ್ ಬೆಂಟ್ಲಿಯಲ್ಲಿ ನಾಲ್ಕು ಸಿಲಿಂಡರ್, ಒಟ್ಟು 4398 ಸಿಸಿ. ಬೆಂಟ್ಲಿಯವರ ಸ್ಪೀಡ್ ಸಿಕ್ಸ್ ಕಾರಿನಲ್ಲಿ ಆರು ಸಿಲಿಂಡರ್, 6597 ಸಿಸಿ. ಎರಡರಲ್ಲೂ ಸಿಲಿಂಡರ್ ಅಳತೆ ಒಂದೇ, 100 ಮಿಲಿಮೀಟರ್ ಅಗಲ, 140 ಮಿಲಿಮೀಟರ್ ಓಟ. ಬೆಂಟ್ಲಿಯ ಉತ್ತರ ಇನ್ನೆರಡು ಸಿಲಿಂಡರ್, ಬರ್ಕಿನ್ ಉತ್ತರ ಒಂದು ಬ್ಲೋವರ್. ಅಷ್ಟೇ ವ್ಯತ್ಯಾಸ. ರೇಸಿಗೆ ಸಿದ್ಧವಾದ ಸ್ಪೀಡ್ ಸಿಕ್ಸ್ 200 ಅಶ್ವಶಕ್ತಿ ಕೊಡುತ್ತಿತ್ತು, ರೇಸಿನ ಬ್ಲೋವರ್ ಬೆಂಟ್ಲಿ ನಿಮಿಷಕ್ಕೆ 4200 ಸುತ್ತಿನಲ್ಲಿ 240. ಲೀಟರ್ ಲೆಕ್ಕದಲ್ಲಿ ಭಾಗಿಸಿದರೆ ಸ್ಪೀಡ್ ಸಿಕ್ಸ್‌ಗೆ ಸುಮಾರು 30, ಬ್ಲೋವರ್‌ಗೆ ಸುಮಾರು 55. ಒಂದೇ ಅಳತೆಯ ಪಿಸ್ಟನ್ ಮೇಲೆ ಎಷ್ಟು ಹೊರೆ ಹೆಚ್ಚಿತು ನೋಡಿ.

ಬೆಂಟ್ಲಿ ಬೇಡವೆಂದರೂ ಕಂಪನಿಯ ಅಧ್ಯಕ್ಷ ವೂಲ್ಫ್ ಬರ್ನಾಟೊ ಬರ್ಕಿನ್ ಪರ ನಿಂತರು. ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಿಂದ ಬಂದ ಹಣದಲ್ಲಿ ಕಂಪನಿಯನ್ನು ನಡೆಸುತ್ತಿದ್ದವರು ಬರ್ನಾಟೊ. ಬಂಡವಾಳ ಯಾರದೋ ಮಾತೂ ಅವರದೇ. ಬರ್ಕಿನ್ ವೆಲ್ವಿನ್ ಎಂಬಲ್ಲಿ ಸ್ವಂತ ವರ್ಕ್‌ಶಾಪ್ ತೆರೆದರು. ಆಂಹರ್ಸ್ಟ್ ವಿಲಿಯರ್ಸ್ ಬ್ಲೋವರ್ ವಿನ್ಯಾಸ ಮಾಡಿದರು, ಎಂಜಿನಿಯರ್ ಕ್ಲೈವ್ ಗ್ಯಾಲಪ್ ಕೆಲಸ ನೋಡಿಕೊಂಡರು. ಕ್ರ್ಯಾಂಕ್‌ಶಾಫ್ಟ್, ಕನೆಕ್ಟಿಂಗ್ ರಾಡ್‌ಗಳನ್ನು ಗಟ್ಟಿ ಮಾಡಿದರು, ಆಯಿಲ್ ಹರಿಯುವ ವ್ಯವಸ್ಥೆ ಬದಲಿಸಿದರು. ಬ್ಲೋವರ್ ಇಡಲು ಬಾನೆಟ್ ಒಳಗೆ ಜಾಗವಿರಲಿಲ್ಲ. ರೇಡಿಯೇಟರಿನ ಮುಂದೆ, ಕಾರಿನ ಮೂಗಿನ ಹಾಗೆ ಹೊರಗೆ ಕೂರಿಸಿದರು. ಚಿತ್ರ ನೋಡಿದರೆ ಗಂಭೀರ ಮನುಷ್ಯನೊಬ್ಬ ಬಾಯಲ್ಲಿ ಕಬ್ಬಿಣದ ಪೆಟ್ಟಿಗೆ ಕಚ್ಚಿಕೊಂಡಂತೆ ಕಾಣುತ್ತದೆ. ಮೊದಲೇ ಭಾರವಾಗಿದ್ದ ಕಾರು ಮುಂದುಗಡೆ ಇನ್ನಷ್ಟು ಭಾರವಾಗಿ, ತಿರುವಿನಲ್ಲಿ ನೇರಕ್ಕೆ ಹೋಗಲು ನೋಡುತ್ತಿತ್ತು.

ಖರ್ಚು ಮಿತಿಮೀರಿತು. ಬರ್ಕಿನ್ ಹಣ ಖಾಲಿಯಾಯಿತು. ಆಗ ಮುಂದೆ ಬಂದವರು ಡೊರೊಥಿ ಪ್ಯಾಜೆಟ್ ಎಂಬ ಶ್ರೀಮಂತ ಯುವತಿ. ಕುದುರೆ ರೇಸಿನಲ್ಲಿ ದೊಡ್ಡ ಹೆಸರಾದ ಅವರು ಈ ಕಾರುಗಳ ಖರ್ಚನ್ನೂ ಹೊತ್ತರು. ಇನ್ನೊಂದು ತೊಡಕಿತ್ತು. ಲೆ ಮಾನ್ ನಿಯಮದ ಪ್ರಕಾರ ಅಂಥ ಕಾರು ಐವತ್ತಾದರೂ ಮಾರಾಟಕ್ಕೆ ತಯಾರಾಗಬೇಕು. ಬರ್ಕಿನ್ ರೇಸ್ ಮಾಡಲೆಂದು ಬೆಂಟ್ಲಿ ಕಂಪನಿ ಐವತ್ತು ಬ್ಲೋವರ್ ಕಾರುಗಳನ್ನು ಮಾಡಿತು. ಅದೇ ಹೊತ್ತಿಗೆ, 1929ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಲೋಕವೆಲ್ಲ ಆರ್ಥಿಕ ಕುಸಿತಕ್ಕೆ ಸಿಕ್ಕಿತು. ಇಷ್ಟು ದುಬಾರಿ ಕಾರು ಕೊಳ್ಳುವವರು ಯಾರು? ದುಡಿಯುವ ಬಂಡವಾಳ ಗೋದಾಮಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಅಂದರೆ ಏನೆಂದು ನನಗೆ ಪಾಠಕ್ಕಿಂತ ಈ ಐವತ್ತು ಕಾರುಗಳಿಂದ ಚೆನ್ನಾಗಿ ತಿಳಿಯಿತು.

ಬ್ಲೋವರ್ ಮೊದಲ ಸಲ ಟ್ರ್ಯಾಕಿಗೆ ಇಳಿದದ್ದು 1929ರ ಜೂನ್‌ನಲ್ಲಿ, ಬ್ರೂಕ್‌ಲ್ಯಾಂಡ್ಸ್‌ನ ಆರು ಗಂಟೆಗಳ ರೇಸಿನಲ್ಲಿ. ಪೂರ್ತಿ ಮುಗಿಸಲಿಲ್ಲ. ತಮಾಷೆಯೆಂದರೆ ಅದೇ ತಿಂಗಳು ಲೆ ಮಾನ್‌ನಲ್ಲಿ ಬರ್ಕಿನ್ ಗೆದ್ದಿದ್ದರು, ಬರ್ನಾಟೊ ಜೊತೆ, ಬ್ಲೋವರ್ ಇಲ್ಲದ ಸ್ಪೀಡ್ ಸಿಕ್ಸ್ ಓಡಿಸಿ! ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಆರ್ಡ್ಸ್‌ನಲ್ಲಿ ಟೂರಿಸ್ಟ್ ಟ್ರೋಫಿ ರೇಸ್. ಆಗೆಲ್ಲ ಚಾಲಕನ ಪಕ್ಕದಲ್ಲಿ ಮೆಕ್ಯಾನಿಕ್ ಕೂರುತ್ತಿದ್ದ. ಬರ್ಕಿನ್ ಪಕ್ಕದಲ್ಲಿ ಅಂದು ಕೂತವರು ಬ್ಲೋವರನ್ನು ಕಂಡರಾಗದ ವಾಲ್ಟರ್ ಬೆಂಟ್ಲಿಯೇ. ಮಳೆಯಲ್ಲಿ ಗಂಟೆಗಟ್ಟಲೆ ಅಷ್ಟು ಹತ್ತಿರ ಕೂತು ಇಬ್ಬರೂ ಏನು ಯೋಚಿಸುತ್ತಿದ್ದರೋ. ಅವರಿಗೆ ಬಂದದ್ದು ಹನ್ನೊಂದನೇ ಸ್ಥಾನ. ಗೆದ್ದದ್ದು ಮರ್ಸಿಡಿಸ್ ಓಡಿಸಿದ ಜರ್ಮನಿಯ ರುಡಾಲ್ಫ್ ಕರಚಿಯೋಲ. ಆ ಮರ್ಸಿಡಿಸ್‌ಗೂ ಬ್ಲೋವರ್ ಇತ್ತು.

ಈ ಎರಡು ಬ್ಲೋವರ್‌ಗಳು ಶಕ್ತಿ ಕೊಡುವ ರೀತಿ ಬೇರೆ ಬೇರೆ. ಬೆಂಟ್ಲಿಯದು ಕ್ರ್ಯಾಂಕ್‌ಶಾಫ್ಟಿಗೆ ನೇರ ಜೋಡಣೆ. ಎಂಜಿನ್ ತಿರುಗುವಷ್ಟು ಹೊತ್ತೂ ಬ್ಲೋವರ್ ತಿರುಗುತ್ತದೆ. ಆಕ್ಸಿಲರೇಟರ್ ಒತ್ತಿದೊಡನೆ ಎಳೆತ ಸಿಗುತ್ತದೆ, ಸುತ್ತು ಏರಿದಂತೆ ಅದೂ ಏರುತ್ತದೆ, ಆದರೆ ಎಂಜಿನ್ನಿಗೆ ವಿಶ್ರಾಂತಿ ಎಂಬುದಿಲ್ಲ. ಏಳು ಲೀಟರ್ ಮರ್ಸಿಡಿಸ್‌ನಲ್ಲಿ ಬ್ಲೋವರ್‌ಗೆ ಒಂದು ಕ್ಲಚ್ ಇತ್ತು. ಆಕ್ಸಿಲರೇಟರನ್ನು ಕೊನೆಯವರೆಗೆ ತುಳಿದರೆ ಮಾತ್ರ ಅದು ಕಚ್ಚಿಕೊಂಡು ಕಿರುಚುತ್ತಾ ಓಡುತ್ತಿತ್ತು. ಅದಿಲ್ಲದೆ ಸುಮಾರು 170 ಅಶ್ವಶಕ್ತಿ, ಅದು ಸೇರಿದರೆ 225ರ ಆಸುಪಾಸು. ಸ್ವಲ್ಪ ಹೊತ್ತು ಬಳಸಿ ಬಿಡಬೇಕು, ಇಲ್ಲದಿದ್ದರೆ ಎಂಜಿನ್ ತಡೆಯದು. ಒಬ್ಬರದು ದಿನವೂ ಸಾಲದ ಮೇಲೆ ನಡೆಯುವ ವ್ಯಾಪಾರ, ಇನ್ನೊಬ್ಬರದು ಹಬ್ಬದ ಸೀಸನ್‌ಗೆ ಮಾತ್ರ ಸಾಲ. ಈಗಿನ ಟರ್ಬೊ ಬೇರೆ ಜಾತಿ. ಅದನ್ನು ತಿರುಗಿಸುವುದು ಹೊರಹೋಗುವ ಹೊಗೆ, ಆದ್ದರಿಂದ ಕೆಳಗಿನ ಸುತ್ತಿನಲ್ಲಿ ಒಂದು ಕ್ಷಣ ಕಾಯಿಸಿ ಆಮೇಲೆ ಒಮ್ಮೆಲೇ ನೂಕುತ್ತದೆ. ಮೇಲೆ ಹೇಳಿದ ಹುಡುಗ ಮೆಚ್ಚಿಕೊಂಡದ್ದು ಆ ನೂಕನ್ನೇ.

1930ರ ಲೆ ಮಾನ್‌ನಲ್ಲಿ ಎಲ್ಲ ಲೆಕ್ಕವೂ ಒಂದೇ ಕಡೆ ಸೇರಿತು. ಕಂಪನಿಯ ಮೂರು ಸ್ಪೀಡ್ ಸಿಕ್ಸ್, ಪ್ಯಾಜೆಟ್ ತಂಡದ ಎರಡು ಬ್ಲೋವರ್, ಎದುರಿಗೆ ಕರಚಿಯೋಲ ಮತ್ತು ವೆರ್ನರ್ ಅವರ ಒಂಟಿ ಮರ್ಸಿಡಿಸ್. ಬರ್ಕಿನ್ ಮೊದಲ ಸುತ್ತುಗಳಲ್ಲೇ ಮರ್ಸಿಡಿಸ್ ಬೆನ್ನು ಹತ್ತಿದರು. ಉದ್ದನೆಯ ನೇರ ರಸ್ತೆಯಲ್ಲಿ ಪಕ್ಕದ ಚಕ್ರಗಳನ್ನು ಹುಲ್ಲಿಗೆ ಇಳಿಸಿ, ದೂಳೆಬ್ಬಿಸಿ ಕರಚಿಯೋಲ ಅವರನ್ನು ಹಿಂದೆ ಹಾಕಿದರು. ಆಗಲೇ ಅವರ ಹಿಂದಿನ ಟೈರಿನ ರಬ್ಬರ್ ಕಿತ್ತುಹೋಗುತ್ತಿತ್ತು. ಮುಂದೆ ಹೋಗಿ ಪಿಟ್‌ನಲ್ಲಿ ನಿಲ್ಲಲೇಬೇಕಾಯಿತು. ಬರ್ಕಿನ್ ಬಿಟ್ಟ ಕೆಲಸವನ್ನು ಸ್ಪೀಡ್ ಸಿಕ್ಸ್‌ಗಳು ಮುಂದುವರಿಸಿದವು. ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳಲು ಮರ್ಸಿಡಿಸ್ ತನ್ನ ಬ್ಲೋವರನ್ನು ಬೇಕಾದ್ದಕ್ಕಿಂತ ಹೆಚ್ಚು ಬಳಸಬೇಕಾಯಿತು. ಮಧ್ಯರಾತ್ರಿ ಕಳೆದ ಮೇಲೆ ಅದು ನಿಂತೇಹೋಯಿತು. ಬರ್ಕಿನ್ ಶತ್ರುವನ್ನು ದಣಿಸಲೆಂದೇ ಹಾಗೆ ಓಡಿಸಿದರು, ಅದು ಮೊದಲೇ ಮಾಡಿಕೊಂಡ ಉಪಾಯ ಎಂದು ಹೇಳುವವರಿದ್ದಾರೆ. ನನಗೆ ನಂಬಿಕೆಯಿಲ್ಲ. ಯಾರೂ ಹೇಳದಿದ್ದರೂ ಅವರು ಹಾಗೆಯೇ ಓಡಿಸುತ್ತಿದ್ದರು.

ಬೆಳಗಾಯಿತು, ಮಧ್ಯಾಹ್ನವಾಯಿತು. ಎರಡು ಬ್ಲೋವರ್‌ಗಳೂ ಎಂಜಿನ್ ಕೆಟ್ಟು ಒಂದಾದ ಮೇಲೊಂದು ನಿಂತವು. ಸ್ಪೀಡ್ ಸಿಕ್ಸ್‌ಗಳು ಮೊದಲ ಮತ್ತು ಎರಡನೇ ಸ್ಥಾನ ಪಡೆದವು. ಬರ್ನಾಟೊಗೆ ಅದು ಸತತ ಮೂರನೇ ಗೆಲುವು.

ಹಾಗೆಂದು ಬ್ಲೋವರ್‌ನ ಪಾಲಿಗೆ ಒಳ್ಳೆಯ ದಿನ ಬರಲೇ ಇಲ್ಲವೆಂದಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಪೋ ಎಂಬಲ್ಲಿ ಫ್ರೆಂಚ್ ಗ್ರ್ಯಾಂಡ್ ಪ್ರಿ ನಡೆಯಿತು. ಹಗುರ, ಚುರುಕು ಬುಗಾಟಿಗಳ ನಡುವೆ ಎರಡು ಟನ್ ಹತ್ತಿರದ ಬೆಂಟ್ಲಿ ನಿಂತದ್ದು ಆಟೋಗಳ ನಡುವೆ ಬಸ್ ನಿಂತಂತೆ. ಬರ್ಕಿನ್ ಎರಡನೆಯವರಾಗಿ ಬಂದರು. ಅವರ ಮುಂದಿದ್ದದ್ದು ಫಿಲಿಪ್ ಎತಾನ್ಸೆಲಿನ್ ಅವರ ಬುಗಾಟಿ ಒಂದೇ. ಈ ರೇಸಿನ ವಿವರ ಓದುವಾಗ ಅವರು ಸೋತ ಎಲ್ಲ ರೇಸುಗಳನ್ನೂ ಕ್ಷಮಿಸಿಬಿಡಬೇಕು ಅನ್ನಿಸಿತ್ತು.

ಆದರೆ ಅಕ್ಟೋಬರ್‌ನಲ್ಲಿ ಡೊರೊಥಿ ಪ್ಯಾಜೆಟ್ ಹಿಂದೆ ಸರಿದರು. ಎಷ್ಟು ಹಾಕಿದರೂ ಗೆಲುವು ಬಾರದ ಖಾತೆಯನ್ನು ಯಾರು ನಡೆಸುತ್ತಾರೆ? ಒಂದೇ ಸೀಟಿನ ಕೆಂಪು ಬ್ಲೋವರ್ ಒಂದನ್ನು ಮಾತ್ರ ಉಳಿಸಿಕೊಂಡರು. 1931ರ ಜುಲೈನಲ್ಲಿ ಬೆಂಟ್ಲಿ ಕಂಪನಿಯೇ ಸಾಲ ತೀರಿಸಲಾಗದೆ ರಿಸೀವರ್ ಕೈಗೆ ಹೋಯಿತು. ವರ್ಷ ಮುಗಿಯುವುದರೊಳಗೆ ರೋಲ್ಸ್ ರಾಯ್ಸ್ ಅದನ್ನು ಕೊಂಡಿತು, ಅದೂ ಕೊಳ್ಳುವವರು ಯಾರೆಂದು ಮುಂಚೆ ತಿಳಿಯದಂತೆ, ಬೇರೊಂದು ಸಂಸ್ಥೆಯ ಹೆಸರಿನಲ್ಲಿ. ಕಂಪನಿ ಮುಳುಗಿದ್ದಕ್ಕೆ ಬ್ಲೋವರ್ ಒಂದೇ ಕಾರಣವೆಂದರೆ ಅನ್ಯಾಯ. ಆ ಕುಸಿತದಲ್ಲಿ ಬ್ಲೋವರ್ ಇಲ್ಲದ ಕಂಪನಿಗಳೂ ಮುಳುಗಿದವು.

ಇಲ್ಲಿಯವರೆಗೆ ಓದಿದಾಗ ನಾನು ವಾಲ್ಟರ್ ಬೆಂಟ್ಲಿ ಕಡೆ ವಾಲಿದ್ದೆ. ಆಮೇಲೆ 1931ರ ಲೆ ಮಾನ್ ಬಗ್ಗೆ ಓದಿದೆ. ಆ ವರ್ಷ ಬರ್ಕಿನ್ ಅರ್ಲ್ ಹೋವ್ ಜೊತೆ ಇಟಲಿಯ ಆಲ್ಫಾ ರೋಮಿಯೊ 8ಸಿ 2300 ಓಡಿಸಿ ಗೆದ್ದರು. 24 ಗಂಟೆಗಳಲ್ಲಿ 3017 ಕಿಲೋಮೀಟರ್. ಲೆ ಮಾನ್‌ನಲ್ಲಿ 3000 ದಾಟಿದ್ದು ಅದೇ ಮೊದಲು. ಆ ಕಾರಿಗೂ ಬ್ಲೋವರ್ ಇತ್ತು! ಎಂಜಿನ್ ಬರೀ 2336 ಸಿಸಿ, ಶಕ್ತಿ ಸುಮಾರು 150 ಅಶ್ವಶಕ್ತಿ. ಲೀಟರ್ ಲೆಕ್ಕ ಹಾಕಿದರೆ 60ಕ್ಕಿಂತ ಹೆಚ್ಚು, ಅಂದರೆ ಬರ್ಕಿನ್ ಬೆಂಟ್ಲಿಗಿಂತಲೂ ಜಾಸ್ತಿ. ಅದು ಒಡೆಯಲಿಲ್ಲ, ಇದು ಒಡೆಯಿತು. ಯಾಕೆ? ಆಲ್ಫಾದ ವಿತ್ತೋರಿಯೊ ಯಾನೊ ಮೊದಲ ಗೆರೆ ಎಳೆಯುವಾಗಲೇ ಬ್ಲೋವರ್‌ಗೆ ಜಾಗ ಇಟ್ಟಿದ್ದರು. ಎಂಟು ಸಿಲಿಂಡರ್‌ಗಳನ್ನು ನಾಲ್ಕು ನಾಲ್ಕಾಗಿ ಎರಡು ಭಾಗ ಮಾಡಿ ನಡುವೆ ಗಿಯರ್‌ಗಳನ್ನು ಕೂರಿಸಿದರು. ಆ ಗಿಯರ್‌ಗಳೇ ಕ್ಯಾಮ್‌ಶಾಫ್ಟನ್ನೂ ಬ್ಲೋವರನ್ನೂ ತಿರುಗಿಸುತ್ತಿದ್ದವು. ಪಿಸ್ಟನ್‌ಗಳು ಚಿಕ್ಕವು, ಹಗುರವಾದವು. ಬೆಂಟ್ಲಿಯಲ್ಲಿ ಬ್ಲೋವರ್ ಆಮೇಲೆ ಬಂದ ಬಾಡಿಗೆದಾರ. ಕಂಬಗಳಿಗೆ ಎಷ್ಟು ಆಸರೆ ಕೊಟ್ಟರೂ ಮನೆ ಕಟ್ಟಿದ್ದು ಅವನಿಗಾಗಿ ಅಲ್ಲ. ಮಾಮುವಿನ ಮುಂದೆ ಇದನ್ನು ಹೇಳಿದಾಗ ಅವರು ಕೆಲಸ ನಿಲ್ಲಿಸದೆ ಹೌದೆಂದು ತಲೆ ಆಡಿಸಿದರು. ಅಷ್ಟು ಒಪ್ಪಿಗೆ ಅವರಿಂದ ಸಿಗುವುದು ಅಪರೂಪ.

ವಿದೇಶಿ ಕಾರಿನಲ್ಲಿ ಗೆದ್ದದ್ದು ಬರ್ಕಿನ್‌ಗೆ ಪೂರ್ತಿ ಸಂತೋಷ ತರಲಿಲ್ಲ. ಬ್ರಿಟಿಷ್ ಕಾರು ಮಾಡುವವರು ರೇಸನ್ನು ಕೈಬಿಟ್ಟರೆಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು. 1932ರ ಮಾರ್ಚ್ 24ರಂದು ಆ ಒಂಟಿ ಸೀಟಿನ ಕೆಂಪು ಬ್ಲೋವರನ್ನು ಬ್ರೂಕ್‌ಲ್ಯಾಂಡ್ಸ್‌ಗೆ ತಂದರು. ಅಲ್ಲಿನ ಟ್ರ್ಯಾಕ್ ಬಾಣಲೆಯ ಅಂಚಿನಂತೆ ಓರೆಯಾದ ಕಾಂಕ್ರೀಟ್, ಉಬ್ಬುತಗ್ಗು ಬೇರೆ. ಆ ವೇಗದಲ್ಲಿ ಕಾರಿನ ಚಕ್ರಗಳು ನೆಲ ಬಿಟ್ಟು ಹಾರುತ್ತಿದ್ದವು. ಅಂದು ಗಂಟೆಗೆ 137.96 ಮೈಲಿ, ಅಂದರೆ 222 ಕಿಲೋಮೀಟರ್ ವೇಗದಲ್ಲಿ ಒಂದು ಸುತ್ತು ಮುಗಿಸಿ ಟ್ರ್ಯಾಕಿನ ದಾಖಲೆ ಬರೆದರು. ಒಂದು ಸುತ್ತಿಗೆ ಸುಮಾರು 72 ಸೆಕೆಂಡು. 24 ಗಂಟೆ ತಾಳದ ಎಂಜಿನ್ 72 ಸೆಕೆಂಡಿಗೆ ಯಾರಿಗೂ ಕಡಿಮೆಯಿರಲಿಲ್ಲ.

1933ರ ಮೇ 7ರಂದು, ಆಗ ಇಟಲಿಯ ಕೈಯಲ್ಲಿದ್ದ ಲಿಬಿಯಾದ ಟ್ರಿಪೋಲಿಯಲ್ಲಿ ಗ್ರ್ಯಾಂಡ್ ಪ್ರಿ. ಬರ್ಕಿನ್ ಮಾಸೆರಾಟಿ ಓಡಿಸಿ ಮೂರನೆಯವರಾಗಿ ಬಂದರು. ಪಿಟ್‌ನಲ್ಲಿ ನಿಂತಾಗ ಕಾದ ಎಕ್ಸಾಸ್ಟ್ ಕೊಳವೆಗೆ ತೋಳು ತಾಗಿ ಸುಟ್ಟಿತ್ತು. ಗಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಊರಿಗೆ ಮರಳಿದ ಮೇಲೆ ಅದು ನಂಜಾಯಿತು, ಹಳೆಯ ಮಲೇರಿಯಾ ಕೂಡ ತಲೆ ಎತ್ತಿತು. ಪೆನಿಸಿಲಿನ್ 1928ರಲ್ಲೇ ಕಂಡುಬಂದಿದ್ದರೂ ಔಷಧಿಯಾಗಿ ಜನರ ಕೈಗೆ ಬರಲು ಇನ್ನೂ ವರ್ಷಗಳಿದ್ದವು. ಜೂನ್ 22ರಂದು ಲಂಡನ್ನಿನ ನರ್ಸಿಂಗ್ ಹೋಮ್ ಒಂದರಲ್ಲಿ ತೀರಿಕೊಂಡರು. ವಯಸ್ಸು 36. ಅವರಿಗೆ ಇಷ್ಟವಾದ ನಾರ್ಫೋಕ್‌ನ ಕಡಲ ಬದಿಯ ಊರು ಬ್ಲೇಕ್ನಿಯಲ್ಲಿ ಸಮಾಧಿ ಇದೆ.

ಒಂದೇ ಒಂದು ದೊಡ್ಡ ರೇಸ್ ಗೆಲ್ಲದ ಬ್ಲೋವರ್ ಬೆಂಟ್ಲಿ ಈಗ ಬೆಂಟ್ಲಿಗಳಲ್ಲೆಲ್ಲ ಹೆಚ್ಚು ಹೆಸರಾದ ಕಾರು. ಇಯಾನ್ ಫ್ಲೆಮಿಂಗ್ ತಮ್ಮ ಕಾದಂಬರಿಯ ಜೇಮ್ಸ್ ಬಾಂಡ್‌ಗೆ ಮೊದಲು ಕೊಟ್ಟದ್ದು ಇದನ್ನೇ. ಲೆಕ್ಕಶಾಸ್ತ್ರದ ತರಗತಿಯಲ್ಲಿ ನಾವು ಯಂತ್ರಕ್ಕೆ ವರ್ಷವರ್ಷವೂ ಸವಕಳಿ ಕಳೆದು ಕೊನೆಗೆ ಗುಜರಿ ಬೆಲೆಗೆ ತಂದು ನಿಲ್ಲಿಸುತ್ತೇವೆ. ಡೊರೊಥಿ ಪ್ಯಾಜೆಟ್ ಉಳಿಸಿಕೊಂಡ ಆ ಕೆಂಪು ಕಾರು 2012ರಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಹರಾಜಾಯಿತು. ಬಂದ ಬೆಲೆ 50 ಲಕ್ಷ ಪೌಂಡಿಗೂ ಹೆಚ್ಚು.